ಹಾರ್ಡ್ ಡಿಸ್ಕಿನ ಪಾಲುಪತ್ರ: ಒಂದು ಸಣ್ಣ ಇತಿಹಾಸ

ಪುಣೆಯಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಸೇರುವ ನಮ್ಮ ಬಳಗಕ್ಕೆ ಸ್ಥಿರಾಸ್ತಿ ಎಂಬುದಿಲ್ಲ. ಚರಾಸ್ತಿ ಎಂದರೆ ಎರಡು ಕಪಾಟು ಪುಸ್ತಕ, ಒಂದು ಧ್ವನಿವರ್ಧಕ ಮತ್ತು ಒಂದು ಹಳೆಯ ಲ್ಯಾಪ್‌ಟಾಪ್. ಸ್ಮರಣ ಸಂಚಿಕೆಗಳ ಕರಡು, ನಾಟಕಗಳ ಛಾಯಾಚಿತ್ರ, ಹಿರಿಯರ ಸಂದರ್ಶನಗಳ ಧ್ವನಿಮುದ್ರಣ ಎಲ್ಲವೂ ಆ ಲ್ಯಾಪ್‌ಟಾಪಿನಲ್ಲಿಯೇ ಇವೆ. ಈಚೆಗೆ ಅದು ದಿನಕ್ಕೊಮ್ಮೆ ದೂರತೊಡಗಿತು. ಸಿ ಡ್ರೈವ್ ತುಂಬಿ ಕೆಂಪು ಪಟ್ಟಿ ಕಾಣಿಸಿಕೊಂಡಿತ್ತು, ವಿಂಡೋಸ್ ತನ್ನನ್ನು ನವೀಕರಿಸಿಕೊಳ್ಳಲು ಸ್ಥಳವಿಲ್ಲದೆ ಮತ್ತೆ ಮತ್ತೆ ಸೋಲುತ್ತಿತ್ತು. ಅದೇ ಯಂತ್ರದ ಡಿ ಮತ್ತು ಇ ಡ್ರೈವ್‌ಗಳಾದರೋ ಅರ್ಧಕ್ಕಿಂತ ಹೆಚ್ಚು ಖಾಲಿ. ಒಂದೇ ಮನೆಯ ಒಂದು ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ, ಪಕ್ಕದ ಎರಡು ಕೋಣೆಗಳಲ್ಲಿ ದೀಪ ಹಚ್ಚುವವರಿಲ್ಲ ಎಂಬಂಥ ಸ್ಥಿತಿ.

ನಡುಗೋಡೆ ತೆಗೆದು ಸಿ ಮತ್ತು ಡಿ ಗಳನ್ನು ಒಂದು ಮಾಡೋಣ ಎಂದು ಕಿರಿಯರು ಸಭೆಯಲ್ಲಿ ಸೂಚಿಸಿದರು. ಆಗ ಧಾರವಾಡ ಕಡೆಯ ಹಿರಿಯ ಸದಸ್ಯೆಯೊಬ್ಬರು, "ಮೊದಲ ಆ ಧ್ವನಿಗಳನ್ನ ಬ್ಯಾರೆ ಕಡೆ ಇಡ್ರಿ, ಆಮ್ಯಾಲ ಗ್ವಾಡಿ ಕೆಡವ್ರಿ. ಒಮ್ಮೆ ಆಗಿದ್ದು ಸಾಕು" ಎಂದರು. ಒಮ್ಮೆ ಆಗಿದ್ದು ಏನೆಂಬುದನ್ನು ಮುಂದೆ ಹೇಳುತ್ತೇವೆ. ಆ ಮಾತು ಕೇಳಿದ ಮೇಲೆ ನಮ್ಮಲ್ಲಿ ಕೆಲವರಿಗೆ ಬೇರೊಂದು ಕುತೂಹಲವೂ ಹುಟ್ಟಿತು. ಈ ಗೋಡೆಗಳನ್ನು ಮೊದಲು ಹಾಕಿದವರು ಯಾರು? ಯಾವ ಕಾರಣಕ್ಕೆ? ಅವನ್ನು ಕದಲಿಸುವುದು ಅಷ್ಟು ಕಷ್ಟವಾದದ್ದು ಏಕೆ? ಈ ಬರಹ ಆ ಹುಡುಕಾಟದ ಫಲ.

ಹಾರ್ಡ್ ಡಿಸ್ಕಿನ ಕಥೆ 1956ರಲ್ಲಿ ಆರಂಭವಾಗುತ್ತದೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಐಬಿಎಂ ಸಂಸ್ಥೆಯು ರಾಮಾಕ್ ಎಂಬ ಗಣಕವನ್ನು ಲೋಕದ ಮುಂದಿಟ್ಟಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ಪ್ರಯೋಗಾಲಯದಲ್ಲಿ ರೆನಾಲ್ಡ್ ಜಾನ್ಸನ್ ಅವರ ನೇತೃತ್ವದಲ್ಲಿ ಸಿದ್ಧವಾದ ಅದರ ಸಂಗ್ರಹ ಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ಒಂದು ಟನ್ನಿಗಿಂತ ಹೆಚ್ಚು ತೂಕದ ಆ ಘಟಕ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೂ ಅಷ್ಟು ಸ್ಥಳ ಸಾಲದೆ ಹೋಗಬಹುದು. ಒಂದು ಕಂಪನಿ, ಅದರ ಒಂದು ಲೆಕ್ಕಪತ್ರ, ಅದಕ್ಕೊಂದು ಡಿಸ್ಕ್ ಎಂಬ ಕಾಲವದು. ಹೊಲ ಚಿಕ್ಕದು, ಒಡೆಯನೂ ಒಬ್ಬನೇ. ಹೀಗಿರುವಾಗ ಪಾಲಿನ ಮಾತು ಬರುವುದು ಹೇಗೆ?

ಅದೇ 1956ರ ನವೆಂಬರ್ 1ರಂದು, ರಾಮಾಕ್ ಪ್ರಕಟವಾದ ಎರಡು ತಿಂಗಳೊಳಗೆ, ಮುಂಬಯಿ, ಹೈದರಾಬಾದು, ಮದರಾಸು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳೂ ಕೊಡಗೂ ಮೈಸೂರಿನೊಡನೆ ಸೇರಿ ಒಂದೇ ರಾಜ್ಯವಾದವು. ಆ ರಾಜ್ಯ ಕರ್ನಾಟಕವೆಂಬ ಹೆಸರು ಪಡೆದದ್ದು 1973ರಲ್ಲಿ. ಅದೇ 1973ರಲ್ಲಿ ಐಬಿಎಂ, ಓದುವ ತಲೆ ಮತ್ತು ತಟ್ಟೆಗಳನ್ನು ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟ 3340 ಎಂಬ ಡಿಸ್ಕನ್ನು ಹೊರತಂದಿತು. 'ವಿಂಚೆಸ್ಟರ್' ಎಂಬ ಅದರ ಅಡ್ಡಹೆಸರು ಮುಂದೆ ಬಹುಕಾಲ ಹಾರ್ಡ್ ಡಿಸ್ಕಿಗೇ ಪರ್ಯಾಯವಾಗಿ ನಿಂತಿತು. ಈ ಇಸವಿಗಳು ಹೊಂದಿಕೊಂಡದ್ದು ಕೇವಲ ಆಕಸ್ಮಿಕ, ಇದರಿಂದ ಯಾವ ಸಿದ್ಧಾಂತವನ್ನೂ ನಾವು ಕಟ್ಟುವುದಿಲ್ಲ. ಆದರೂ ವಿಭಾಗಗಳ ವಿಲೀನವನ್ನು ಕುರಿತು ಬರೆಯುವ ಹೊರನಾಡಿನ ಕನ್ನಡಿಗರು ಇದನ್ನು ಕಂಡೂ ಕಾಣದಂತೆ ಮುಂದೆ ಹೋಗುವುದು ಕಷ್ಟ.

ಒಂದು ಡಿಸ್ಕನ್ನು ಹಲವರಿಗೆ ಪಾಲು ಮಾಡಿಕೊಡುವ ಅಗತ್ಯ ಮೊದಲು ಕಂಡದ್ದು ದೊಡ್ಡ ಗಣಕಗಳಲ್ಲಿ. 1972ರಲ್ಲಿ ಬಂದ ಐಬಿಎಂನ ವಿಎಂ/370 ವ್ಯವಸ್ಥೆ ಒಂದೇ ಯಂತ್ರವನ್ನು ಅನೇಕರು ತಮ್ಮತಮ್ಮದೆಂಬಂತೆ ಬಳಸಲು ಅವಕಾಶ ಕೊಟ್ಟಿತು. ನಿಜವಾದ ಡಿಸ್ಕಿನ ಒಂದೊಂದು ಭಾಗವನ್ನು 'ಮಿನಿಡಿಸ್ಕ್' ಎಂದು ಗುರುತಿಸಿ ಒಬ್ಬೊಬ್ಬರಿಗೆ ಕೊಡಲಾಗುತ್ತಿತ್ತು. ಪಡೆದವನ ಕಣ್ಣಿಗೆ ಅದು ಇಡೀ ಡಿಸ್ಕು, ವ್ಯವಸ್ಥೆಯ ಲೆಕ್ಕದಲ್ಲಿ ಒಂದು ಪಟ್ಟೆ. ಪಾರ್ಟಿಶನ್ ಎಂಬ ಕಲ್ಪನೆಯ ತಿರುಳು ಆಗಲೇ ಅಲ್ಲಿತ್ತು.

ನಮ್ಮ ಮನೆಗಳಿಗೆ ಬಂದ ಗಣಕದ ವಂಶಾವಳಿ ಬೇರೆ. 1981ರಲ್ಲಿ ಬಂದ ಐಬಿಎಂ ಪಿಸಿಗೆ ಹಾರ್ಡ್ ಡಿಸ್ಕ್ ಇರಲಿಲ್ಲ. ಎ ಮತ್ತು ಬಿ ಎಂಬ ಅಕ್ಷರಗಳು ಎರಡು ಫ್ಲಾಪಿಗಳಿಗೆ ಸಂದಿದ್ದವು. 1983ರ ಮಾರ್ಚಿನಲ್ಲಿ ಬಂದ ಪಿಸಿ ಎಕ್ಸ್‌ಟಿ 10 ಮೆಗಾಬೈಟಿನ ಹಾರ್ಡ್ ಡಿಸ್ಕನ್ನು ತಂದಾಗ ಅದಕ್ಕೆ ಮೂರನೆಯ ಅಕ್ಷರ ಸಿ ದೊರೆಯಿತು. ಫ್ಲಾಪಿಗಳು ಕಾಲವಾಗಿ ಎಷ್ಟೋ ವರ್ಷಗಳಾದರೂ ನಮ್ಮ ಲ್ಯಾಪ್‌ಟಾಪುಗಳ ಎಣಿಕೆ ಇಂದಿಗೂ ಸಿ ಯಿಂದಲೇ ತೊಡಗುತ್ತದೆ. ಸತ್ತ ಅಣ್ಣಂದಿರ ಹೆಸರನ್ನು ಪಡಿತರ ಚೀಟಿಯಿಂದ ತೆಗೆಸದೆ ಬಿಟ್ಟ ಹಾಗೆ.

ಆ ಯಂತ್ರದೊಡನೆ ಬಂದ ಡಾಸ್ 2.0 ಆವೃತ್ತಿಯಲ್ಲಿ 'ಎಫ್‌ಡಿಸ್ಕ್' ಎಂಬ ಪುಟ್ಟ ತಂತ್ರಾಂಶವಿತ್ತು. ಡಿಸ್ಕನ್ನು ಪಾಲು ಮಾಡುವ ಕೆಲಸ ಅದರದು. ಆಗ ಒಂದೇ ಪಿಸಿಯಲ್ಲಿ ಡಾಸ್ ಮಾತ್ರವಲ್ಲದೆ ಸಿಪಿ/ಎಂ-86, ಕ್ಸೆನಿಕ್ಸ್ ಮುಂತಾದ ಕಾರ್ಯವ್ಯವಸ್ಥೆಗಳನ್ನೂ ಇಟ್ಟುಕೊಳ್ಳಲು ಬಯಸುವವರಿದ್ದರು. ಒಂದರ ಕಡತಪದ್ಧತಿ ಇನ್ನೊಂದಕ್ಕೆ ತಿಳಿಯದು. ಇಬ್ಬರೂ ಒಂದೇ ಹೊಲದಲ್ಲಿ ಬಿತ್ತಿದರೆ ಒಬ್ಬರ ಪೈರನ್ನು ಇನ್ನೊಬ್ಬರು ಉತ್ತುಹಾಕುವುದು ಖಂಡಿತ. ಆದ್ದರಿಂದ ಬದು ಬೇಕಾಯಿತು. ಪಾರ್ಟಿಶನ್ ಪಿಸಿಗೆ ಬಂದದ್ದು ಹೀಗೆ ಪರಭಾಷಿಕರಾದ ನೆರೆಹೊರೆಯವರ ಸಹಬಾಳ್ವೆಗಾಗಿ.

ಈ ಬದುವಿನ ಸ್ವರೂಪ ಗಮನಿಸತಕ್ಕದ್ದು. ತಟ್ಟೆಯ ಮೇಲೆ ಯಾವ ಗೆರೆಯನ್ನೂ ಕೊರೆಯುವುದಿಲ್ಲ. ಊರ ಕಡೆ ಜಮೀನು ಇರುವ ಓದುಗರಿಗೆ ಪಹಣಿ, ಪೋಡಿ, ಹಿಸ್ಸಾ ಎಂಬ ಮಾತುಗಳು ಗೊತ್ತು. ಅಣ್ಣತಮ್ಮಂದಿರ ಪಾಲಿನಲ್ಲಿ ಮಣ್ಣು ಹಾಗೆಯೇ ಉಳಿದು ದಫ್ತರದಲ್ಲಿ ಮಾತ್ರ ಸಾಲುಗಳು ಬದಲಾಗುತ್ತವೆಯಲ್ಲ, ಇಲ್ಲಿಯೂ ಅಷ್ಟೇ. ಡಿಸ್ಕಿನ ಮೊಟ್ಟಮೊದಲ 512 ಬೈಟುಗಳ ತುಣುಕೇ ಆ ದಫ್ತರ. ಅದನ್ನು ಮಾಸ್ಟರ್ ಬೂಟ್ ರೆಕಾರ್ಡ್ ಎನ್ನುತ್ತಾರೆ. ಅದರ ಮೊದಲ 446 ಬೈಟುಗಳು ಯಂತ್ರವನ್ನು ಎಬ್ಬಿಸುವ ಸೂಚನೆಗಳಿಗೆ ಮೀಸಲು. ಕೊನೆಯ 2 ಬೈಟುಗಳು ಮುದ್ರೆಯಂತೆ. ನಡುವೆ ಉಳಿದ 64 ಬೈಟುಗಳಲ್ಲಿ ತಲಾ 16 ಬೈಟುಗಳ ನಾಲ್ಕು ಸಾಲು. ಪ್ರತಿ ಸಾಲೂ ಒಂದು ವಿಭಾಗ ಎಲ್ಲಿಂದ ಆರಂಭ, ಎಷ್ಟು ವಿಸ್ತೀರ್ಣ, ಯಾವ ಜಾತಿಯ ಕಡತಪದ್ಧತಿ, ಗಣಕ ಏಳಬೇಕಾದದ್ದು ಇದರಿಂದಲೋ ಅಲ್ಲವೋ ಎಂಬಿಷ್ಟನ್ನು ಹೇಳುತ್ತದೆ. 10 ಮೆಗಾಬೈಟಿನ ಡಿಸ್ಕಿಗೆ ನಾಲ್ಕು ಪಾಲು ಧಾರಾಳವೆಂದು ಆಗ ತೋರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆ ನಾಲ್ಕು ಸಾಲುಗಳು ಮುಂದೆ ಮೂರು ದಶಕ ಜಗತ್ತಿನ ಬಹುಪಾಲು ಪಿಸಿಗಳನ್ನು ಆಳಿದವು.

ಪಾಲಿಗೆ ಎರಡನೆಯ ಕಾರಣ ಹುಟ್ಟಿದ್ದು ಲೆಕ್ಕದ ಇಕ್ಕಟ್ಟಿನಿಂದ. ಅಂದಿನ ಡಾಸ್ ಒಂದು ವಿಭಾಗದೊಳಗಿನ ತುಣುಕುಗಳನ್ನು 16 ಬಿಟ್‌ಗಳಲ್ಲಿ ಎಣಿಸುತ್ತಿತ್ತು. ಅಂದರೆ ಹೆಚ್ಚೆಂದರೆ 65,536 ತುಣುಕು. ತಲಾ 512 ಬೈಟಿನಂತೆ 32 ಮೆಗಾಬೈಟ್. ಪೇಟೆಯಲ್ಲಿ 40 ಮೆಗಾಬೈಟಿನ ಡಿಸ್ಕ್ ಸಿಗತೊಡಗಿದಾಗ ಮಿಕ್ಕ 8 ಮೆಗಾಬೈಟ್ ಡಾಸ್‌ನ ಕಣ್ಣಿಗೆ ಬೀಳದಾಯಿತು. 1987ರಲ್ಲಿ ಬಂದ ಡಾಸ್ 3.3 ಇದಕ್ಕೊಂದು ಉಪಾಯ ಮಾಡಿತು. ನಾಲ್ಕು ಸಾಲುಗಳಲ್ಲಿ ಒಂದನ್ನು 'ವಿಸ್ತೃತ' ಎಂದು ಕರೆದು, ಅದರ ಹೊಟ್ಟೆಯೊಳಗೆ ಇನ್ನಷ್ಟು 'ತಾರ್ಕಿಕ' ಡ್ರೈವ್‌ಗಳನ್ನು ಸರಪಳಿಯಂತೆ ಇಟ್ಟಿತು. ಡಿ, ಇ, ಎಫ್‌ಗಳ ಸಂತಾನ ಬೆಳೆದದ್ದು ಈ ಉಪಾಯದಿಂದ. 1988ರ ಡಾಸ್ 4.0 ಈ 32ರ ಗಡಿಯನ್ನು ಒಡೆಯಿತು. ಆಗ ಎದುರಾದದ್ದು 2 ಗಿಗಾಬೈಟಿನ ಗಡಿ.

ಆ ಗಡಿಯೊಳಗೂ ಒಂದು ಪೋಲು ಅಡಗಿತ್ತು. ಫ್ಯಾಟ್16 ಎಂಬ ಕಡತಪದ್ಧತಿ ವಿಭಾಗವನ್ನು ಸುಮಾರು 65 ಸಾವಿರ ಗೂಡುಗಳಾಗಿ ಮಾಡಿ ಹಂಚುತ್ತದೆ. ವಿಭಾಗ ದೊಡ್ಡದಾದಷ್ಟೂ ಗೂಡು ದೊಡ್ಡದು. 2 ಗಿಗಾಬೈಟಿನ ವಿಭಾಗದಲ್ಲಿ ಒಂದೊಂದು ಗೂಡು 32 ಕಿಲೋಬೈಟ್. ನಾಲ್ಕು ಸಾಲಿನ ಒಂದು ಪತ್ರ ಬರೆದಿಟ್ಟರೂ ಅದು ಇಡೀ ಗೂಡನ್ನು ಹಿಡಿದುಕೊಳ್ಳುತ್ತಿತ್ತು. ಅದೇ ಡಿಸ್ಕನ್ನು 512 ಮೆಗಾಬೈಟಿನ ನಾಲ್ಕು ಪಾಲು ಮಾಡಿದರೆ ಗೂಡು 8 ಕಿಲೋಬೈಟಿಗೆ ಇಳಿದು ಪೋಲು ತಗ್ಗುತ್ತಿತ್ತು. ಹೀಗೆ ಪಾಲು ಮಾಡುವುದು ಮಿತವ್ಯಯದ ಲಕ್ಷಣವಾಯಿತು. 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಡನೆ ಫ್ಯಾಟ್32 ಬಂದಾಗ ಈ ಕಾರಣ ಬಿದ್ದುಹೋಯಿತು. ಕಾರಣ ಬಿದ್ದರೂ ರೂಢಿ ಬೀಳಲಿಲ್ಲ.

ನಮ್ಮ ದೇಶದಲ್ಲಿ ಆ ರೂಢಿಗೆ ತನ್ನದೇ ಆದ ಮೂರನೆಯ ಕಾರಣವೂ ಸೇರಿತು. ತೊಂಬತ್ತರ ದಶಕದ ಕೊನೆಗೆ ಮಧ್ಯಮ ವರ್ಗದ ಮನೆಗಳಿಗೆ ಬಂದ ಗಣಕಗಳಲ್ಲಿ ಅನೇಕವು ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟವು. ಫ್ಲಾಪಿಯಿಂದ ಫ್ಲಾಪಿಗೆ ವೈರಸ್ ಹಬ್ಬುತ್ತಿದ್ದ ಕಾಲ. ಆರು ತಿಂಗಳಿಗೊಮ್ಮೆ "ಫಾರ್ಮ್ಯಾಟ್ ಹೊಡೆಯುವುದು" ಹಬ್ಬದ ಸುಣ್ಣಬಣ್ಣದಷ್ಟೇ ಸಹಜವಾಗಿತ್ತು. ಕಾರ್ಯವ್ಯವಸ್ಥೆ ಸಿ ಯಲ್ಲಿ, ಕೆಲಸದ ಕಡತ ಡಿ ಯಲ್ಲಿ, ಹಾಡು-ಸಿನಿಮಾ ಇ ಯಲ್ಲಿ ಇದ್ದರೆ ಸಿ ಯೊಂದನ್ನು ಅಳಿಸಿ ಮತ್ತೆ ತುಂಬಿದರೆ ಸಾಕು. ಅಂಗಡಿಯ ಹುಡುಗರು ಕೇಳದೆಯೇ ಮೂರು ಪಾಲು ಮಾಡಿ ಕೊಡುತ್ತಿದ್ದರು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡ ಬೆರಳಚ್ಚು ಮಾಡುತ್ತಿದ್ದ ನಮ್ಮಂಥವರು ಫಾಂಟ್ ಕಡತಗಳ ಒಂದು ಪ್ರತಿಯನ್ನು ಡಿ ಯಲ್ಲಿ ಜೋಪಾನ ಮಾಡುತ್ತಿದ್ದೆವು. ಫಾರ್ಮ್ಯಾಟ್ ಆದ ಮೇಲೆ ಆ ಫಾಂಟ್ ಇಲ್ಲದಿದ್ದರೆ ನಮ್ಮ ಪ್ರಬಂಧಗಳೆಲ್ಲ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ತೆರೆದುಕೊಳ್ಳುತ್ತಿದ್ದವು. ಡಿ ಡ್ರೈವ್ ಎಂದರೆ ನಮಗೆ ತವರಿನಿಂದ ತಂದ ಟ್ರಂಕು.

ಪಾಲು ಮಾಡುವುದು ಸುಲಭ. ಒಮ್ಮೆ ಮಾಡಿದ ಪಾಲನ್ನು ಒಳಗಿನ ಸಾಮಾನು ಕೆಡದಂತೆ ಹಿಗ್ಗಿಸುವುದು, ಕುಗ್ಗಿಸುವುದು ಕಷ್ಟ. ಎಫ್‌ಡಿಸ್ಕ್‌ಗೆ ಆ ವಿದ್ಯೆ ತಿಳಿಯದು. ಗಡಿ ಬದಲಿಸಬೇಕೆಂದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯಬೇಕಿತ್ತು. ತೊಂಬತ್ತರ ದಶಕದಲ್ಲಿ ಲಿನಕ್ಸ್ ಪ್ರಯೋಗಿಸುವ ಉತ್ಸಾಹಿಗಳಿಗೆ ಡಾಸ್ ವಿಭಾಗವನ್ನು ಅಳಿಸದೆ ಎರಡಾಗಿ ಸೀಳುವ 'ಫಿಪ್ಸ್' ಎಂಬ ಸಣ್ಣ ತಂತ್ರಾಂಶ ನೆರವಾಯಿತು. ಅಮೆರಿಕದ ಪವರ್‌ಕ್ವೆಸ್ಟ್ ಕಂಪನಿಯ 'ಪಾರ್ಟಿಶನ್ ಮ್ಯಾಜಿಕ್' ಚಿತ್ರ ನೋಡಿ ಗಡಿ ಎಳೆಯುವ ಸೌಲಭ್ಯವನ್ನು ಸಾಮಾನ್ಯರಿಗೂ ತಂದಿತು. ಆ ಕಂಪನಿಯನ್ನು 2003ರಲ್ಲಿ ಸಿಮ್ಯಾಂಟೆಕ್ ಕೊಂಡುಕೊಂಡಿತು. ಮುಕ್ತ ತಂತ್ರಾಂಶದ ಪಂಥದಲ್ಲಿ ಗ್ನೂ ಪಾರ್ಟೆಡ್, ಅದರ ಮೇಲೆ ಕಟ್ಟಿದ ಜಿಪಾರ್ಟೆಡ್ ಬಂದವು.

ಇವು ಮಾಡುವ ಕೆಲಸದ ಕ್ರಮ ತಿಳಿದರೆ ಅಪಾಯವೂ ತಿಳಿಯುತ್ತದೆ. ವಿಭಾಗವನ್ನು ಕುಗ್ಗಿಸುವಾಗ ಮೊದಲು ಅಂಚಿನಲ್ಲಿರುವ ಕಡತಗಳನ್ನು ಒಳಕ್ಕೆ ಸರಿಸಬೇಕು, ಆಮೇಲೆ ಕಡತಪದ್ಧತಿಗೆ ಅದರ ಹೊಸ ಅಳತೆ ತಿಳಿಸಬೇಕು, ಕೊನೆಗೆ ದಫ್ತರದ ಸಾಲು ತಿದ್ದಬೇಕು. ಹಿಗ್ಗಿಸುವಾಗ ಕ್ರಮ ತಿರುಗುಮುರುಗು: ಮೊದಲು ದಫ್ತರ, ಆಮೇಲೆ ಕಡತಪದ್ಧತಿ. ಎಲ್ಲಕ್ಕಿಂತ ಕಠಿಣವಾದದ್ದು ವಿಭಾಗದ ಆರಂಭವನ್ನೇ ಸರಿಸುವುದು. ಆಗ ಒಳಗಿನ ಪ್ರತಿಯೊಂದು ತುಣುಕನ್ನೂ ಎತ್ತಿ ಹೊಸ ಸ್ಥಳದಲ್ಲಿ ಇಡಬೇಕಾಗುತ್ತದೆ. ಗಂಟೆಗಟ್ಟಲೆ ನಡೆಯುವ ಈ ಸ್ಥಳಾಂತರದ ನಡುವೆ ಕೆಲಸ ನಿಂತರೆ ಅರ್ಧ ಸಂಸಾರ ಹಳೆಯ ಮನೆಯಲ್ಲಿ, ಅರ್ಧ ಹೊಸ ಮನೆಯಲ್ಲಿ, ವಿಳಾಸ ಮಾತ್ರ ಎರಡಕ್ಕೂ ಹೊಂದದು.

ನಮಗೆ ಒಮ್ಮೆ ಆದದ್ದು ಇದೇ. 2009ರಲ್ಲಿ ಬಳಗದ ಹಳೆಯ ಗಣಕದ 160 ಗಿಗಾಬೈಟಿನ ಡಿಸ್ಕಿನಲ್ಲಿ ಸಿ ತುಂಬಿತ್ತು. ಡಿ ಯ ಆರಂಭವನ್ನು ಮುಂದಕ್ಕೆ ಸರಿಸಿ ಸಿ ಗೆ ಜಾಗ ಕೊಡಲು ನಾವೇ ಕುಳಿತೆವು. ಮಧ್ಯಾಹ್ನ ವಿದ್ಯುತ್ ಹೋಯಿತು. ಯುಪಿಎಸ್‌ನ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ, ಯಾರೂ ನೋಡಿರಲಿಲ್ಲ. ಡಿ ಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರ ಧ್ವನಿಯಿತ್ತು. ರಾಜ್ಯಗಳ ಪುನರ್ವಿಂಗಡಣೆಗೆ ಮೊದಲೇ ವಿಜಾಪುರದ ಕಡೆಯಿಂದ ಪುಣೆಗೆ ಬಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸಿ ಬದುಕಿದವರು ಅವರು. ಕನ್ನಡದ ಮೊಳೆಗಳನ್ನು ಎಲ್ಲಿಂದ ತರಿಸುತ್ತಿದ್ದರು, ಒತ್ತು ಕೊರತೆಯಾದಾಗ ಏನು ಮಾಡುತ್ತಿದ್ದರು, ಯಾವ ಗಲ್ಲಿಯಲ್ಲಿ ಕನ್ನಡಿಗರ ಖಾನಾವಳಿ ಇತ್ತು ಎಂಬುದೆಲ್ಲವನ್ನೂ 11 ಕ್ಯಾಸೆಟ್‌ಗಳಲ್ಲಿ ಹೇಳಿದ್ದರು. ಅವನ್ನು ಗಣಕಕ್ಕೆ ಇಳಿಸಿಕೊಂಡ ಮೇಲೆ ಕ್ಯಾಸೆಟ್‌ಗಳು ಮಳೆಗಾಲದ ಬೂಷ್ಟಿಗೆ ಬಲಿಯಾಗಿದ್ದವು. 2007ರಲ್ಲಿ ಅವರೂ ತೀರಿಕೊಂಡಿದ್ದರು. ದತ್ತಾಂಶ ಮರಳಿ ಪಡೆಯುವ ತಂತ್ರಾಂಶಗಳಿಂದ ವಾರಗಟ್ಟಲೆ ಹೆಣಗಿದೆವು. ಕಡತಗಳ ಹೆಸರು ಹನ್ನೊಂದೂ ಬಂದವು, ತೆರೆದಾಗ ಮಾತಾಡಿದವು ನಾಲ್ಕು ಮಾತ್ರ. ಉಳಿದ ಏಳರಲ್ಲಿ ಗರಗರ ಸದ್ದು. ಖಾನಾವಳಿಯ ಗಲ್ಲಿ ಯಾವುದೆಂಬುದು ಆ ಏಳರಲ್ಲಿ ಎಲ್ಲೋ ಇದೆ. ತಪ್ಪು ನಮ್ಮದೇ, ತಂತ್ರಾಂಶದ್ದಲ್ಲ.

ಅದಾದ ಮೇಲೆ ತಂತ್ರಜ್ಞಾನವೂ ಮುಂದೆ ಸಾಗಿತು. ಹಳೆಯ ದಫ್ತರ ತುಣುಕುಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತಿದ್ದರಿಂದ ಅದಕ್ಕೆ ಸುಮಾರು 2 ಟೆರಾಬೈಟಿನಾಚೆ ನೋಟ ಹರಿಯದು. ಇಂಟೆಲ್ ಕಂಪನಿ ತನ್ನ ಇಟೇನಿಯಂ ಗಣಕಗಳಿಗಾಗಿ ತೊಂಬತ್ತರ ದಶಕದ ಕೊನೆಯಲ್ಲಿ ರೂಪಿಸತೊಡಗಿದ ಇಎಫ್‌ಐ ವ್ಯವಸ್ಥೆಯೊಡನೆ ಜಿಪಿಟಿ ಎಂಬ ಹೊಸ ದಫ್ತರ ಬಂದಿತು. ನಾಲ್ಕರ ಬದಲು ಸಾಮಾನ್ಯವಾಗಿ 128 ಸಾಲು, ಎಣಿಕೆ 64 ಬಿಟ್‌ಗಳಲ್ಲಿ. ನಮಗೆ ಮೆಚ್ಚುಗೆಯಾದದ್ದು ಬೇರೆ ಎರಡು ಅಂಶ. ದಫ್ತರದ ಒಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿಯೂ ಇಡುತ್ತಾರೆ, ಮತ್ತು ಬರೆದದ್ದು ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆಯೊಂದನ್ನು ಜೊತೆಗಿಡುತ್ತಾರೆ. ಹಳೆಯ ಪದ್ಧತಿಯಲ್ಲಿ ಇದ್ದದ್ದು ಒಂದೇ ಪ್ರತಿ. ಕಚೇರಿಯಲ್ಲಿ ಕಡತ ಕಳೆದು ಬೈಸಿಕೊಂಡ ನಮ್ಮಂಥ ನೌಕರರಿಗೆ ಈ ಎರಡನೆಯ ಪ್ರತಿಯ ಬೆಲೆ ಗೊತ್ತು.

ವಿಂಡೋಸ್ ವಿಸ್ತಾದ ಕಾಲದಿಂದ ಕುಗ್ಗಿಸುವ, ಹಿಗ್ಗಿಸುವ ಸೌಲಭ್ಯ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿಯೇ ದೊರೆಯುತ್ತದೆ. ಆದರೆ ಅದಕ್ಕೊಂದು ಕಟ್ಟುನಿಟ್ಟಿನ ನಿಯಮ: ಒಂದು ಸಾಧಾರಣ ವಿಭಾಗ ಹಿಗ್ಗಬೇಕಾದರೆ ಖಾಲಿ ಜಾಗ ಅದರ ಬಲಕ್ಕೆ ಅಂಟಿಕೊಂಡೇ ಇರಬೇಕು. ಇ ಯಲ್ಲಿ ಎಷ್ಟು ಜಾಗವಿದ್ದರೇನು, ನಡುವೆ ಡಿ ಇರುವ ತನಕ ಸಿ ಗೆ ಅದು ದಕ್ಕದು. ಈ ನಿಯಮಕ್ಕೆ ಸಿಲುಕದ ದಾರಿಯೂ ಇದೆ. ಲಿನಕ್ಸಿನಲ್ಲಿ 1998ರಿಂದ ಬೆಳೆದ ಎಲ್‌ವಿಎಂ ಎಂಬ ವ್ಯವಸ್ಥೆಯಲ್ಲಿ ಡಿಸ್ಕಿನ ಬೇರೆಬೇರೆ ಮೂಲೆಗಳ, ಬೇರೆಬೇರೆ ಡಿಸ್ಕುಗಳ ತುಂಡುಗಳನ್ನೂ ಕೂಡಿಸಿ ಒಂದೇ ಸಂಪುಟವೆಂಬಂತೆ ನಡೆಸಬಹುದು. ಒಂದಕ್ಕೊಂದು ತಾಗಿಕೊಂಡಿರಲೇಬೇಕೆಂಬ ಹಟ ಅದಕ್ಕಿಲ್ಲ. ಮುಂಬಯಿ, ಚೆನ್ನೈ, ದೆಹಲಿಗಳಲ್ಲಿ ಚದುರಿ ಕುಳಿತು ಒಂದೇ ಪುಟದಲ್ಲಿ ಬರೆಯುತ್ತಿರುವ ನಮಗೆ ಆ ಪದ್ಧತಿಯ ಮೇಲೆ ಒಂದಿಷ್ಟು ಹೆಚ್ಚು ಪ್ರೀತಿ ಹುಟ್ಟಿದರೆ ಓದುಗರು ಕ್ಷಮಿಸಬೇಕು.

ಇನ್ನು ಈ ಸಲ ನಾವು ಮಾಡಿದ್ದು. ಲ್ಯಾಪ್‌ಟಾಪಿನ ಡಿಸ್ಕಿಗೆ 1 ಟೆರಾಬೈಟ್ ಎಂಬ ಚೀಟಿಯಿದ್ದರೂ ವಿಂಡೋಸ್ 931 ಗಿಗಾಬೈಟ್ ಎಂದೇ ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1,024ರ ಲೆಕ್ಕ ಹಿಡಿಯುತ್ತದೆ, ಮೋಸವೇನಿಲ್ಲ. ಮೊದಲ ದಿನ ಡಿ ಯಲ್ಲಿದ್ದ ಎಲ್ಲವನ್ನೂ ಎರಡು ಹೊರಗಿನ ಡಿಸ್ಕುಗಳಿಗೆ ನಕಲು ಮಾಡಿದೆವು. ಒಂದನ್ನು ಕಾರ್ಯದರ್ಶಿಗಳ ಮನೆಯಲ್ಲಿ, ಇನ್ನೊಂದನ್ನು ಊರಿನ ಇನ್ನೊಂದು ತುದಿಯ ಸದಸ್ಯರ ಮನೆಯಲ್ಲಿ ಇರಿಸಿದೆವು. ನಕಲಾಯಿತೆಂದು ಪರದೆ ಹೇಳಿದ್ದನ್ನು ನಂಬದೆ, ಒಂದು ವಾರ ನಾಲ್ವರು ಪಾಳಿಯಂತೆ ಧ್ವನಿಮುದ್ರಣಗಳ ಆದಿ, ಮಧ್ಯ, ಅಂತ್ಯಗಳನ್ನು ಕೇಳಿ ಗುರುತು ಹಾಕಿದರು. ಎರಡು ಕಡತಗಳು ಅರ್ಧಕ್ಕೇ ನಿಂತಿದ್ದವು, ಅವನ್ನು ಮತ್ತೆ ನಕಲು ಮಾಡಿದೆವು. ಆಮೇಲೆ ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿಸಿ, ವಿದ್ಯುತ್ ತಂತಿಯನ್ನೂ ಹಾಕಿಟ್ಟು, ಡಿ ವಿಭಾಗವನ್ನು ಅಳಿಸಿದೆವು. ಅದರ ಸಾಲು ದಫ್ತರದಿಂದ ಮಾಯವಾಗಿ ಅಲ್ಲಿ ಕಪ್ಪು ಪಟ್ಟಿಯ ಖಾಲಿ ಜಾಗ ಕಂಡಿತು. ಸಿ ಯನ್ನು ಅದರೊಳಕ್ಕೆ ಹಿಗ್ಗಿಸಿದೆವು. ಯಾವ ವಿಭಾಗದ ಆರಂಭವನ್ನೂ ಸರಿಸಬೇಕಾದ ಪ್ರಸಂಗ ಬರಲಿಲ್ಲ. ಒಟ್ಟು ಹಿಡಿದದ್ದು ಒಂದು ನಿಮಿಷಕ್ಕಿಂತ ಕಡಿಮೆ. 2009ರಲ್ಲಿಯೂ ಹೀಗೆಯೇ ಮೊದಲು ನಕಲು ಮಾಡಿ, ಅಳಿಸಿ, ಹಿಗ್ಗಿಸಬಹುದಿತ್ತು ಎಂಬುದು ಆ ನಿಮಿಷದಲ್ಲಿ ಎಲ್ಲರಿಗೂ ಹೊಳೆದಿರಬೇಕು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಓದುಗರಲ್ಲಿ ಯಾರಾದರೂ ಆತುರದಲ್ಲಿ ತಪ್ಪು ವಿಭಾಗವನ್ನು ಅಳಿಸಿದರೆ, ಆ ಕ್ಷಣವೇ ಕೈ ನಿಲ್ಲಿಸಬೇಕೆಂದು ನಮ್ಮ ವಿನಂತಿ. ತಿರುಗುವ ತಟ್ಟೆಯ ಡಿಸ್ಕಿನಲ್ಲಿ ಅಳಿದದ್ದು ದಫ್ತರದ ಸಾಲು ಮಾತ್ರ, ಹೊಸದಾಗಿ ಏನನ್ನೂ ಬರೆಯದಿದ್ದರೆ ಪೈರು ಹೊಲದಲ್ಲಿಯೇ ಇರುತ್ತದೆ. ಟೆಸ್ಟ್‌ಡಿಸ್ಕ್‌ನಂಥ ತಂತ್ರಾಂಶಗಳು ಹಳೆಯ ಗಡಿಯನ್ನು ಹುಡುಕಿ ಸಾಲನ್ನು ಮರಳಿ ಬರೆಯಬಲ್ಲವು. ಹೊಸ ಕಾಲದ ಎಸ್‌ಎಸ್‌ಡಿಗಳಲ್ಲಿ ಈ ಭರವಸೆ ಕಡಿಮೆ. ಖಾಲಿಯಾಯಿತೆಂದು ತಿಳಿಸಿದ ಜಾಗವನ್ನು ಅವು ತಾವಾಗಿಯೇ ಒಳಗೊಳಗೆ ಗುಡಿಸಿಬಿಡುತ್ತವೆ.

ಕಳೆದ ಎರಡನೆಯ ಭಾನುವಾರದ ಸಭೆಯ ಕೊನೆಗೆ, ಉಳಿದ ನಾಲ್ಕು ಧ್ವನಿಮುದ್ರಣಗಳಲ್ಲಿ ಮೂರನೆಯದನ್ನು ಹಾಕಿದೆವು. ಒತ್ತಕ್ಷರದ ಮೊಳೆ ಸಾಲದೆ ಬಂದಾಗ ಬೇರೆ ಪದ ಹುಡುಕುವಂತೆ ಲೇಖಕರಿಗೇ ಹೇಳಿ ಕಳುಹಿಸುತ್ತಿದ್ದೆವು ಎಂದು ಆ ಹಿರಿಯರು ನಗುತ್ತ ಹೇಳುವ ಭಾಗ ಅದು. ಧಾರವಾಡದ ಸದಸ್ಯೆ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಎರಡೂ ಮನಿಯೊಳಗ ಐತಲ್ಲ ಇದು?" ಎಂದು ಕೇಳಿದರು. ಇದೆ ಎಂದೆವು.